ನಾಲ್ಕು ತೋಟ, ಎರಡು ಚೀಟಿ: ತೂಕದ ಚೀಟಿ ಲೆಕ್ಕ ತಪ್ಪಿದಾಗ ಎಲ್ಲಿ ಹುಡುಕಬೇಕು

ಮದ್ದೂರಿನ ಹತ್ತಿರದ ನಮ್ಮೂರಲ್ಲಿ ನಾಲ್ಕು ತೆಂಗಿನ ತೋಟದವರು ಸೇರಿ ಒಂದು ಗಾಡಿ ಗೊತ್ತು ಮಾಡಿಕೊಂಡಿದ್ದಾರೆ. ವಾರಕ್ಕೊಂದು ಸಲ ಅದು ಎಳನೀರು ತುಂಬಿಕೊಂಡು ಮದ್ದೂರಿನ ಮಾರುಕಟ್ಟೆಗೆ ಹೋಗುತ್ತದೆ. ಒಂದು ಸಲಕ್ಕೆ ಎರಡು ತೋಟದ ಕಾಯಿ ಮಾತ್ರ ಹಿಡಿಯುತ್ತದೆ. ಈ ವಾರ ಯಾರ ಪಾಳಿ ಅಂತ ಚೀಟಿ ಎತ್ತುತ್ತಾರೆ. ತೋಟಗಳೆಲ್ಲ ಒಂದೇ ಅಳತೆಯವಲ್ಲ. ಒಂದರಲ್ಲಿ 400 ಮರ, ಇನ್ನೊಂದರಲ್ಲಿ 300, ಮತ್ತೊಂದರಲ್ಲಿ 200, ಕೊನೆಯದರಲ್ಲಿ 100. ಹಾಗಾಗಿ ನೂರು ಮರಕ್ಕೆ ಒಂದು ಚೀಟಿ. ಯಾರಿಗೆ ಎಷ್ಟು ಚೀಟಿ ಎಂಬುದೇ ಇಲ್ಲಿ ಅವರ ‘ತೂಕ’. ಡಬ್ಬಿಯಲ್ಲಿ ಒಟ್ಟು 10 ಚೀಟಿ.

400 ಮರದ ತೋಟ ನಮ್ಮ ಚಿಕ್ಕಪ್ಪನದು. 60 ವಾರ ಕಳೆದ ಮೇಲೆ ಒಂದು ಭಾನುವಾರ, ನಾನು ಮೈಸೂರಿನಿಂದ ಊರಿಗೆ ಹೋಗಿದ್ದಾಗ, ಪಾಳಿ ಬರೆದಿಡುವ ಪುಸ್ತಕ ಹಿಡಿದುಕೊಂಡು ಬಂದರು.

“ಮಗಾ, ಮೊದಲ್ನೇ ಚೀಟೀಲಿ ನಂಗೆ ನೂರಕ್ಕೆ ನಲವತ್ತು. ಎರಡ್ನೇದ್ರಲ್ಲೂ ನಲವತ್ತು. ಒಟ್ಟು ಎಂಬತ್ತು ಅಲ್ವಾ? ಅರವತ್ತು ವಾರಕ್ಕೆ ನಲವತ್ತೆಂಟು ಪಾಳಿ ಬರಬೇಕಿತ್ತು. ಬಂದಿರೋದು ನಲವತ್ತೆರಡೇ. ಡಬ್ಬೀಲೇ ಏನೋ ಇದೆ, ನೋಡು.”

ಪುಸ್ತಕದಲ್ಲಿ ಹೀಗಿತ್ತು: 400 ಮರದ ತೋಟಕ್ಕೆ 42 ಪಾಳಿ, 300ಕ್ಕೆ 37, 200ಕ್ಕೆ 26, 100ಕ್ಕೆ 15. ಚಿಕ್ಕಪ್ಪನ ಲೆಕ್ಕದ ಪ್ರಕಾರ 48, 36, 24, 12 ಇರಬೇಕಿತ್ತು. ದೊಡ್ಡವರಿಗೆ ಕಡಿಮೆ, ಚಿಕ್ಕವರಿಗೆ ಜಾಸ್ತಿ. ನೋಡಿದವರಿಗೆ ಅನುಮಾನ ಬರುವುದು ಸಹಜ.

ಪ್ರತಿ ಹೆಸರಿಗೂ ಬೇರೆ ಬೇರೆ ತೂಕ ಇದ್ದು, ಒಮ್ಮೆ ಬಂದ ಹೆಸರು ಮತ್ತೆ ಬರಬಾರದು ಅಂದರೆ ಲೆಕ್ಕ ಎಲ್ಲೆಲ್ಲಿ ಜಾರುತ್ತದೆ ಎಂದು ಆ ಭಾನುವಾರ ಕೂತು ಒಂದೊಂದಾಗಿ ನೋಡಿದೆ. ನೋಡಿದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ನಿಮ್ಮದು ತೋಟ ಇರಬಹುದು, ಬಹುಮಾನದ ಡ್ರಾ ಇರಬಹುದು, ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಂ ಇರಬಹುದು. ದೋಷ ಹುಡುಕುವ ದಾರಿ ಒಂದೇ.

ಡಬ್ಬಿಯನ್ನು ಬೇಗ ನೋಡಿ ಮುಗಿಸಿ

ಚೀಟಿಗಳೆಲ್ಲ ಒಂದೇ ಅಳತೆ, ಒಂದೇ ಮಡಿಕೆ ಇರಬೇಕು. ಡಬ್ಬಿಯನ್ನು ಚೆನ್ನಾಗಿ ಕಲಕಬೇಕು. ಕೊನೆಗೆ ಹಾಕಿದ ಚೀಟಿ ಮೇಲೇ ಉಳಿದರೆ ಅದೇ ಮೊದಲು ಕೈಗೆ ಸಿಗುತ್ತದೆ. ಇದು ಸಣ್ಣ ವಿಷಯವಲ್ಲ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಸೈನ್ಯಕ್ಕೆ ಕರೆಯುವ ಕ್ರಮ ಗೊತ್ತು ಮಾಡಲು ಹುಟ್ಟಿದ ದಿನಾಂಕಗಳ ಚೀಟಿ ಎತ್ತಿದರು. ಅವನ್ನು ಸರಿಯಾಗಿ ಕಲಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ದಿನಾಂಕಗಳೇ ಹೆಚ್ಚಾಗಿ ಮೊದಮೊದಲು ಬಂದವು.

ನಮ್ಮೂರ ಡಬ್ಬಿಯಲ್ಲಿ ಅಂಥದ್ದೇನೂ ಇರಲಿಲ್ಲ. ಹತ್ತು ಚೀಟಿ ಎಣಿಸಿದೆವು, ಹತ್ತೂ ಇದ್ದವು.

ಕೇಳಲೇಬೇಕಾದ ಪ್ರಶ್ನೆ

ಲೆಕ್ಕಕ್ಕೆ ಕೈ ಹಾಕುವ ಮೊದಲು ಚೀಟಿ ಎತ್ತುವವರನ್ನು ಇದೊಂದು ಕೇಳಿ: ಒಂದು ಹೆಸರು ಬಂದ ಮೇಲೆ ಆ ಹೆಸರಿನ ಉಳಿದ ಚೀಟಿಗಳನ್ನು ಏನು ಮಾಡುತ್ತೀರಿ?

ನನ್ನ ಅನುಭವದಲ್ಲಿ ಮುಕ್ಕಾಲು ಗೊಂದಲ ಇಲ್ಲೇ ಹುಟ್ಟುತ್ತದೆ. “ವಾಪಸ್ ಹಾಕಲ್ಲ” ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಒಂದು ಮಾತಿನ ಒಳಗೆ ನಾಲ್ಕು ಬೇರೆ ಬೇರೆ ಪದ್ಧತಿ ಅಡಗಿರುತ್ತವೆ.

ಕ ಪದ್ಧತಿ: ಚಿಕ್ಕಪ್ಪನ ಹೆಸರು ಬಂತು ಅಂದರೆ ಅವರ ನಾಲ್ಕೂ ಚೀಟಿ ಆಚೆ. ಉಳಿದ 6ರಲ್ಲಿ ಎರಡನೆಯದನ್ನು ಎತ್ತುತ್ತೇವೆ. ನಮ್ಮೂರಲ್ಲಿ ನಡೆಯುತ್ತಿದ್ದದ್ದು ಇದೇ.

ಖ ಪದ್ಧತಿ: ಬಂದ ಒಂದು ಚೀಟಿ ಮಾತ್ರ ಆಚೆ. ಅವರ ಇನ್ನು ಮೂರು ಡಬ್ಬಿಯಲ್ಲೇ ಇರುತ್ತವೆ. ಅಂದರೆ ಅದೇ ಹೆಸರು ಇನ್ನೊಮ್ಮೆ ಬರಬಹುದು, ಗಾಡಿ ಪೂರ್ತಿ ಅವರಿಗೇ ಸಿಗಬಹುದು.

ಗ ಪದ್ಧತಿ: ಚೀಟಿಯನ್ನು ವಾಪಸ್ ಹಾಕುತ್ತೇವೆ. ಅದೇ ಹೆಸರು ಮತ್ತೆ ಬಂದರೆ ಬಿಟ್ಟು, ಹೊಸ ಹೆಸರು ಬರುವ ತನಕ ಎತ್ತುತ್ತೇವೆ. ನೋಡಲು ಬೇರೆ ಅನಿಸಿದರೂ ಲೆಕ್ಕದಲ್ಲಿ ಇದೂ ಕ ಪದ್ಧತಿಯೂ ಒಂದೇ. ಬಂದ ಹೆಸರನ್ನು ಲೆಕ್ಕಕ್ಕೇ ಹಿಡಿಯದಿದ್ದರೆ ಅದು ಡಬ್ಬಿಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಘ ಪದ್ಧತಿ: ಇಲ್ಲೂ ಚೀಟಿಯನ್ನು ವಾಪಸ್ ಹಾಕುತ್ತೇವೆ, ಆದರೆ ಅದೇ ಹೆಸರು ಎರಡು ಸಲ ಬಂದರೆ ಎರಡೂ ರದ್ದು. ಮೊದಲಿಂದ ಶುರು. ಇದು ಗ ಪದ್ಧತಿಯಂತೆಯೇ ಕಾಣುತ್ತದೆ, ಆದರೆ ಅಲ್ಲ. ನಮ್ಮ ಹತ್ತು ಚೀಟಿಯಲ್ಲಿ ನೂರಕ್ಕೆ 30 ಸಲ ಹೀಗೆ ರದ್ದಾಗುತ್ತದೆ. ಅದರಲ್ಲಿ 16 ಸಲ ರದ್ದಾಗುವುದು ಚಿಕ್ಕಪ್ಪನ ಹೆಸರೇ ಎರಡು ಸಲ ಬಂದಿದ್ದಕ್ಕೆ. ಮೊದಲ ಚೀಟಿಯಲ್ಲಿ ಗೆದ್ದಿದ್ದನ್ನು ಅವರೇ ಹೆಚ್ಚು ಸಲ ಕಳೆದುಕೊಳ್ಳುತ್ತಾರೆ.

ವಾರದ ಎರಡು ಚೀಟಿಯಲ್ಲಿ ಒಂದು ಸಲವಾದರೂ ಹೆಸರು ಬರುವ ಸಾಧ್ಯತೆ, ನೂರಕ್ಕೆ ಎಷ್ಟು ಎಂದು ಕೆಳಗಿದೆ:

| ತೋಟ | ಕ ಮತ್ತು ಗ | ಖ | ಘ |
|---|---|---|---|
| 400 ಮರ | 71.6 | 66.7 | 68.6 |
| 300 ಮರ | 60.8 | 53.3 | 60.0 |
| 200 ಮರ | 44.1 | 37.8 | 45.7 |
| 100 ಮರ | 23.5 | 20.0 | 25.7 |

ಅದೇ ಡಬ್ಬಿ, ಅದೇ ಹತ್ತು ಚೀಟಿ. ಆದರೂ ಮೂರು ಬೇರೆ ಉತ್ತರ. ಚಿಕ್ಕಪ್ಪನ 80 ಇದರಲ್ಲಿ ಎಲ್ಲೂ ಇಲ್ಲ.

ಲಕ್ಷಣ ನೋಡಿ ಕಾಯಿಲೆ ಗುರುತಿಸಿ

ಪ್ರತಿಯೊಂದು ಹೆಸರೂ ಬರುವ ಸಾಧ್ಯತೆಯನ್ನು ಲೆಕ್ಕ ಹಾಕಿ ಒಂದು ಕಾಗದದಲ್ಲಿ ಸಾಲಾಗಿ ಬರೆಯಿರಿ. ಆಮೇಲೆ ಕೂಡಿಸಿ. ವಾರಕ್ಕೆ ಎರಡು ಬೇರೆ ಬೇರೆ ಹೆಸರು ಖಂಡಿತ ಬರುವುದರಿಂದ ಮೊತ್ತ 200 ಆಗಲೇಬೇಕು. ಮೂರು ಹೆಸರಾದರೆ 300.

ಮೊತ್ತ 200ಕ್ಕಿಂತ ಕಡಿಮೆ ಬಂದರೆ, ನೀವು ಚೀಟಿ ವಾಪಸ್ ಹಾಕುವ ಸೂತ್ರ ಬಳಸಿದ್ದೀರಿ. “ಎರಡು ಸಲವೂ ಬಾರದಿರುವುದು 0.6 ಗುಣಿಸು 0.6, ಅಂದರೆ 0.36. ಹಾಗಾಗಿ ಬರುವುದು ನೂರಕ್ಕೆ 64” ಎನ್ನುವ ಲೆಕ್ಕ ಅದು. ನಾಲ್ಕೂ ತೋಟಕ್ಕೆ ಹೀಗೆ ಮಾಡಿದರೆ 64, 51, 36, 19 ಬರುತ್ತದೆ. ಮೊತ್ತ 170. ಒಂದೇ ಹೆಸರು ಎರಡು ಸಲ ಬಂದು ವ್ಯರ್ಥವಾದ 30 ಎಲ್ಲಿ ಹೋಯಿತು ಅಂತ ತಕ್ಷಣ ಗೊತ್ತಾಗುತ್ತದೆ. ಖ ಪದ್ಧತಿಯ ಸಾಲೂ 200 ಮುಟ್ಟುವುದಿಲ್ಲ. ಕಾರಣ ಅದೇ.

ಒಬ್ಬರದ್ದೇ 100 ದಾಟಿದರೆ, ಮೊದಲ ಚೀಟಿಯ ಸಾಧ್ಯತೆಯನ್ನು ಸುಮ್ನೆ ಎರಡರಿಂದ ಗುಣಿಸಿದ್ದೀರಿ. ತೋಟಗಳು 600, 200, 100, 100 ಮರದವು ಆಗಿದ್ದರೆ ದೊಡ್ಡದಕ್ಕೆ 120 ಬರುತ್ತಿತ್ತು. ನೂರಕ್ಕೆ ನೂರಿಪ್ಪತ್ತು ಸಾಧ್ಯತೆ ಅಂತ ಒಂದಿಲ್ಲ. ತಪ್ಪು ಕಣ್ಣಿಗೆ ಹೊಡೆಯುತ್ತದೆ.

ಕಷ್ಟ ಇರುವುದು ಮೂರನೆಯ ಲಕ್ಷಣದಲ್ಲಿ. 80, 60, 40, 20. ಕೂಡಿಸಿದರೆ ಸರಿಯಾಗಿ 200. ಯಾರದ್ದೂ 100 ದಾಟಿಲ್ಲ. ಅನುಪಾತವೂ ಮರಗಳ ಅನುಪಾತವೇ. ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ, ಆದರೂ ಕ ಪದ್ಧತಿಗೆ ಇದು ತಪ್ಪು. ಚಿಕ್ಕಪ್ಪನ ಲೆಕ್ಕ ಇದೇ. ನಾನೂ ಶುರುವಿನಲ್ಲಿ ಇದನ್ನೇ ಸರಿ ಅಂದುಕೊಂಡಿದ್ದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಎರಡನೆಯ ಚೀಟಿಯಲ್ಲಿ ನಲವತ್ತು ಏಕೆ ಇಲ್ಲ

ಚಿಕ್ಕಪ್ಪನ ಹೆಸರು ಎರಡನೆಯ ಚೀಟಿಯಲ್ಲಿ ಬರಬೇಕು ಅಂದರೆ ಮೊದಲನೆಯದು ಬೇರೆ ಯಾರದ್ದೋ ಆಗಿರಬೇಕು. ಅದಕ್ಕೆ ಮೂರೇ ದಾರಿ.

ಮೊದಲು 300ರ ತೋಟ ಬಂತು ಎನ್ನಿ. ಅದಕ್ಕೆ 10ರಲ್ಲಿ 3. ಆ ಮೂರು ಚೀಟಿ ಆಚೆ ಹೋದ ಮೇಲೆ ಉಳಿದದ್ದು 7, ಅದರಲ್ಲಿ ಚಿಕ್ಕಪ್ಪನದು 4. ಗುಣಿಸಿದರೆ 0.3 × 4/7 = 0.1714.

ಮೊದಲು 200ರ ತೋಟ ಬಂದರೆ 0.2 × 4/8 = 0.1000.

ಮೊದಲು 100ರ ತೋಟ ಬಂದರೆ 0.1 × 4/9 = 0.0444.

ಮೂರನ್ನೂ ಕೂಡಿಸಿದರೆ 0.3159. ಎರಡನೆಯ ಚೀಟಿಯಲ್ಲಿ ಅವರಿಗೆ ಇರುವುದು ನೂರಕ್ಕೆ 31.6, 40 ಅಲ್ಲ. ಮೊದಲ ಚೀಟಿಯ 40 ಸೇರಿಸಿದರೆ 71.6. ಬೇರೆಯವರಿಗೂ ಹೀಗೇ ಮಾಡಿ. ಎರಡನೆಯ ಚೀಟಿಯಲ್ಲಿ 300ರ ತೋಟಕ್ಕೆ 30.8, 200ಕ್ಕೆ 24.1, 100ಕ್ಕೆ 13.5 ಬರುತ್ತದೆ.

ಈ ಸಂಖ್ಯೆಗಳನ್ನು ಮೊದಲ ಚೀಟಿಯ 40, 30, 20, 10ರ ಪಕ್ಕ ಇಟ್ಟು ನೋಡಿ. ದೊಡ್ಡವರು ಒಬ್ಬರೇ ಇಳಿದಿದ್ದಾರೆ. ಉಳಿದ ಮೂವರೂ ಏರಿದ್ದಾರೆ. ಚಿಕ್ಕಪ್ಪನ ಹೆಸರು ಮೊದಲು ಬಂದರೆ ಒಂದೇ ಸಲಕ್ಕೆ ನಾಲ್ಕು ಚೀಟಿ ಡಬ್ಬಿಯಿಂದ ಹೋಗುತ್ತವೆ. 100ರ ತೋಟದ ಒಂದು ಚೀಟಿ ಹತ್ತರಲ್ಲಿ ಒಂದು ಇದ್ದದ್ದು ಆರರಲ್ಲಿ ಒಂದಾಗುತ್ತದೆ. ಇದು ನೂರಕ್ಕೆ ನಲವತ್ತು ವಾರ ಆಗುತ್ತದೆ. ತಿರುಗಿಸಿ ನೋಡಿ. 100ರ ತೋಟ ಮೊದಲು ಬಂದರೆ ಹೋಗುವುದು ಒಂದೇ ಚೀಟಿ. ಚಿಕ್ಕಪ್ಪನದು 10ರಲ್ಲಿ 4 ಇದ್ದದ್ದು 9ರಲ್ಲಿ 4 ಆಗುತ್ತದೆ, ಅಷ್ಟೇ. ಅದೂ ನೂರಕ್ಕೆ ಹತ್ತು ವಾರ. ದೊಡ್ಡವರು ಜಾಗ ಬಿಟ್ಟಾಗ ಚಿಕ್ಕವರಿಗೆ ಸಿಗುವಷ್ಟು ಜಾಗ, ಚಿಕ್ಕವರು ಬಿಟ್ಟಾಗ ದೊಡ್ಡವರಿಗೆ ಸಿಗುವುದಿಲ್ಲ.

ಹಾಗಾದರೆ “ಎರಡನೆಯದರಲ್ಲೂ ನಲವತ್ತು” ಎಂಬ ಯೋಚನೆ ಎಲ್ಲಿಂದ ಬಂತು? ಅದು ಬಾಯಿಗೆ ಬಂದ ಮಾತಲ್ಲ, ಒಂದು ನಿಜದಿಂದಲೇ ಬಂದದ್ದು. ಎಲ್ಲರಿಗೂ ಒಂದೊಂದೇ ಚೀಟಿ ಇದ್ದರೆ, ಹೆಸರು ಮೊದಲನೆಯದಾಗಿ ಬರುವ ಸಾಧ್ಯತೆಯೂ ಎರಡನೆಯದಾಗಿ ಬರುವ ಸಾಧ್ಯತೆಯೂ ಸಮ. ಅದು ಊರಿನವರಿಗೆಲ್ಲ ಗೊತ್ತು. ಖ ಪದ್ಧತಿಯಲ್ಲೂ ಅದು ನಿಜವೇ. ಅಲ್ಲಿ ಹತ್ತೂ ಚೀಟಿ ಬೇರೆ ಬೇರೆ ಎಂದು ಲೆಕ್ಕ. ಎರಡನೆಯ ಚೀಟಿಯಲ್ಲೂ ಚಿಕ್ಕಪ್ಪನಿಗೆ ಸರಿಯಾಗಿ 40. ವಾರಕ್ಕೆ ಸರಾಸರಿ 0.8 ಪಾಳಿ, 60 ವಾರಕ್ಕೆ 48. ಅವರ ಲೆಕ್ಕ ಹೇಳುವುದೂ ಅದನ್ನೇ. ಆದರೆ ಆ 48ರಲ್ಲಿ ಒಂದೇ ವಾರ ಎರಡು ಪಾಳಿ ಬಂದದ್ದೂ ಸೇರಿರುತ್ತದೆ. ಖ ಪದ್ಧತಿಯಲ್ಲಿ ಅವರಿಗೆ ಒಂದಾದರೂ ಬರುವುದು 66.7, ಎರಡೂ ಬರುವುದು 13.3. ಕೂಡಿಸಿದರೆ 80.

ಚಿಕ್ಕಪ್ಪ ಕೈ ಹಾಕಿದ್ದು ಒಂದು ಪದ್ಧತಿಯ ಡಬ್ಬಿಗೆ, ಹೇಳಿದ್ದು ಇನ್ನೊಂದು ಪದ್ಧತಿಯ ಲೆಕ್ಕ. ದೋಷ ಇದ್ದದ್ದು ಅಲ್ಲಿ.

ಜೋಡಿ ಲೆಕ್ಕದಲ್ಲಿ ಇನ್ನೊಂದು ಜಾರು

“ಒಂದೇ ವಾರ 400ರದ್ದೂ 300ರದ್ದೂ ಬರುವ ಸಾಧ್ಯತೆ ಎಷ್ಟು?” ಎಂದು ಕೇಳಿದರೆ ಹಲವರು ಒಂದು ಕ್ರಮದ ಲೆಕ್ಕ ಮಾಡಿ ಎರಡರಿಂದ ಗುಣಿಸುತ್ತಾರೆ. ಸಮ ಚೀಟಿಯಾದರೆ ಅದು ಸರಿ. ತೂಕದ ಚೀಟಿಯಲ್ಲಿ ಕ್ರಮ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಮೊದಲು 400, ಆಮೇಲೆ 300 ಅಂದರೆ 0.4 × 3/6 = 0.2000. ಮೊದಲು 300, ಆಮೇಲೆ 400 ಅಂದರೆ 0.3 × 4/7 = 0.1714. ಒಟ್ಟು 0.3714. ಸುಮ್ನೆ ಎರಡರಿಂದ ಗುಣಿಸಿದ್ದರೆ 0.40 ಅಥವಾ 0.343 ಬರುತ್ತಿತ್ತು. ಎರಡೂ ತಪ್ಪು.

ಆರು ಜೋಡಿಗಳನ್ನೂ ಹೀಗೇ ಬರೆದು ಕೂಡಿಸಿ. 1 ಬರಬೇಕು. ಒಬ್ಬರು ಇರುವ ಮೂರು ಜೋಡಿಗಳನ್ನು ಕೂಡಿಸಿದರೆ ಆ ಒಬ್ಬರ ಸಾಧ್ಯತೆ ಬರಬೇಕು. ಚಿಕ್ಕಪ್ಪನಿಗೆ 0.3714, 0.2333, 0.1111. ಕೂಡಿಸಿದರೆ 0.716ರ ಹತ್ತಿರ. 200 ಬಂತೇ ಎಂದು ನೋಡುವ ಪರೀಕ್ಷೆಗಿಂತ ಇದು ಗಟ್ಟಿ, ಏಕೆಂದರೆ 80-60-40-20ರ ತಪ್ಪನ್ನೂ ಇದು ಹಿಡಿಯುತ್ತದೆ. ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು.

ನಾಲ್ಕರಲ್ಲಿ ಮೂರು ಎತ್ತುವುದಾದರೆ ಯಾರು ಬರುತ್ತಾರೆ ಎಂದು ಕೇಳಬೇಡಿ, ಯಾರು ಉಳಿಯುತ್ತಾರೆ ಎಂದು ಕೇಳಿ. 100ರ ತೋಟ ಕೊನೆಗೆ ಉಳಿಯಲು ಆರು ಕ್ರಮಗಳಿವೆ. ಆರನ್ನೂ ಕೂಡಿಸಿದರೆ 0.551. ಹಾಗಾಗಿ ಅದು ಬರುವ ಸಾಧ್ಯತೆ ನೂರಕ್ಕೆ 44.9. ಅರ್ಧ ಕೆಲಸ ಕಡಿಮೆಯಾಗುತ್ತದೆ.

ಅರವತ್ತು ವಾರದ ಪುಸ್ತಕ ಏನು ಹೇಳುತ್ತದೆ

ಇಷ್ಟು ಹೇಳಿದ ಮೇಲೆ ಚಿಕ್ಕಪ್ಪ ಕೇಳಿದ್ದು ಸರಿಯಾಗಿತ್ತು: “ಹಂಗಾದ್ರೆ ಪುಸ್ತಕವೇ ಸಾಕ್ಷಿ ಅಲ್ವಾ? ನಲವತ್ತೆರಡು ಬಂದಿದೆ, ನಿನ್ನ ಲೆಕ್ಕಕ್ಕೆ ನಲವತ್ಮೂರು ಬರುತ್ತೆ.”

ಸಾಕ್ಷಿ ಹೌದು, ಆದರೆ ಬಲವಾದ ಸಾಕ್ಷಿ ಅಲ್ಲ. 60 ಸಲ ಎತ್ತಿದಾಗ ಬರುವ ಶೇಕಡಾವಾರು ಸುಮಾರು 5ರಿಂದ 6ರಷ್ಟು ಆಚೀಚೆ ಓಲಾಡುವುದು ಸಹಜ. ಅವರಿಗೆ ಬಂದದ್ದು ನೂರಕ್ಕೆ 70. ಅದು 71.6ಕ್ಕೆ ಹತ್ತಿರ, ಘ ಪದ್ಧತಿಯ 68.6ಕ್ಕೂ ಅಷ್ಟೇ ಹತ್ತಿರ. 80ರಿಂದ ದೂರ ಇದೆ ನಿಜ, ಆದರೆ “ಆಗಲಾರದು” ಎನ್ನುವಷ್ಟು ದೂರ ಇಲ್ಲ. ಬರೀ ಪುಸ್ತಕ ನೋಡಿ ಪದ್ಧತಿ ಯಾವುದು ಎಂದು ಹೇಳಲು ಹೋಗಬೇಡಿ. ಎತ್ತುವವರನ್ನೇ ಕೇಳಿ. ಬರೀ ಪುಸ್ತಕ ನೋಡಿ ಯಾರ ಮೇಲೂ ಕೈಚಳಕದ ಆರೋಪವನ್ನೂ ಹೊರಿಸಬೇಡಿ. ಊರಲ್ಲಿ ಅಂಥ ಮಾತು ಒಮ್ಮೆ ಹೊರಟರೆ ವಾಪಸ್ ಬರುವುದಿಲ್ಲ.

ಲೆಕ್ಕ ಸರಿಯೇ ಎಂದು ನೋಡಬೇಕಾದರೆ ಕಂಪ್ಯೂಟರಿನಲ್ಲಿ ಒಂದು ಲಕ್ಷ ಸಲ ಎತ್ತಿಸಿ. ಆಗ ಓಲಾಟ ನೂರಕ್ಕೆ 0.14ರಷ್ಟಕ್ಕೆ ಇಳಿಯುತ್ತದೆ. 71.6, 68.6, 80 ಎಲ್ಲ ಬೇರೆ ಬೇರೆಯಾಗಿ ನಿಲ್ಲುತ್ತವೆ.

ಕಂಪ್ಯೂಟರಿನಲ್ಲಿ ಎತ್ತಿಸುವಾಗ

ಇಲ್ಲೂ ಅದೇ ಪ್ರಶ್ನೆ: ಉಳಿದ ಚೀಟಿ ಏನಾಯಿತು?

ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್‌ನ ರ್‍ಯಾಂಡಮ್ ಭಾಗದಲ್ಲಿ ‘ಚಾಯ್ಸಸ್’ ತೂಕ ತೆಗೆದುಕೊಳ್ಳುತ್ತದೆ, ಆದರೆ ಚೀಟಿಯನ್ನು ವಾಪಸ್ ಹಾಕುತ್ತದೆ. ಒಂದೇ ಹೆಸರು ಎರಡು ಸಲ ಬಂದರೆ ಕಾರಣ ಇದೇ. ‘ಸ್ಯಾಂಪಲ್’ ವಾಪಸ್ ಹಾಕುವುದಿಲ್ಲ. 3.9ನೇ ಆವೃತ್ತಿಯಿಂದ ಅದಕ್ಕೆ ‘ಕೌಂಟ್ಸ್’ ಎಂದು 4, 3, 2, 1 ಕೊಡಬಹುದು. ನೋಡಿದ ತಕ್ಷಣ ನಮಗೆ ಬೇಕಾದದ್ದು ಇದೇ ಅನಿಸುತ್ತದೆ. ಅಲ್ಲ. ಅದು ಖ ಪದ್ಧತಿ, ಒಂದು ಚೀಟಿ ಮಾತ್ರ ತೆಗೆಯುತ್ತದೆ. ಪೈಥಾನಿಗೆ ಸೇರಿಸಿಕೊಳ್ಳುವ ನಂಪೈ ಎಂಬ ಗಣಿತದ ಕಟ್ಟಿನ ‘ಚಾಯ್ಸ್’ಗೆ ವಾಪಸ್ ಹಾಕಬೇಡ ಎಂದು ಹೇಳಿ ಸಾಧ್ಯತೆಗಳನ್ನು ಕೊಟ್ಟರೆ ಕ ಪದ್ಧತಿ ನಡೆಯುತ್ತದೆ. ಆರ್ ಭಾಷೆಯ ‘ಸ್ಯಾಂಪಲ್’ ಕೂಡ ಹಾಗೇ. ಆದರೆ ಇವೆರಡಕ್ಕೂ 0.4, 0.3, 0.2, 0.1 ಎಂದು ಕೊಟ್ಟು “ನನಗೆ 80, 60, 40, 20 ಬರಬೇಕು” ಎಂದು ಕಾದರೆ ಬರುವುದಿಲ್ಲ. ನೀವು ಕೊಟ್ಟದ್ದು ಮೊದಲ ಚೀಟಿಯ ಸಾಧ್ಯತೆ ಮಾತ್ರ.

ನಂಪೈ ತಾನೇ ನಿಂತು ಕೂಗುವುದೂ ಉಂಟು. 0.33ನ್ನು ಮೂರು ಸಲ ಕೊಟ್ಟರೆ ಮೊತ್ತ 1 ಆಗಿಲ್ಲ ಎನ್ನುತ್ತದೆ. ತೂಕಗಳನ್ನು ಮೊತ್ತದಿಂದ ಭಾಗಿಸಿ ಕೊಡಿ, ಕೈಯಲ್ಲಿ ಬರೆಯಬೇಡಿ. ಸೊನ್ನೆ ತೂಕದ ಹೆಸರುಗಳು ಜಾಸ್ತಿ ಇದ್ದು, ಎತ್ತಬೇಕಾದಷ್ಟು ಹೆಸರು ಉಳಿಯದಿದ್ದರೂ ನಿಲ್ಲುತ್ತದೆ.

ಹೆಸರುಗಳು ಹೆಚ್ಚಾದರೆ ಕ್ರಮಗಳನ್ನು ಕೈಯಲ್ಲಿ ಎಣಿಸಲು ಆಗುವುದಿಲ್ಲ. 20 ತೋಟದಲ್ಲಿ 5 ಎತ್ತಿದರೆ 18,60,480 ಕ್ರಮಗಳು. ಆಗ ಒಂದು ಚಂದದ ಉಪಾಯ ಇದೆ, ಎಫ್ರೈಮಿಡಿಸ್ ಮತ್ತು ಸ್ಪಿರಾಕಿಸ್ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ್ದು. ಪ್ರತಿ ಹೆಸರಿಗೂ ಸೊನ್ನೆ ಮತ್ತು ಒಂದರ ನಡುವೆ ಒಂದು ಯಾದೃಚ್ಛಿಕ ಸಂಖ್ಯೆ ಎತ್ತಿ. ತೂಕ 4 ಇದ್ದರೆ ಅದರ ನಾಲ್ಕನೇ ಮೂಲ ತೆಗೆಯಿರಿ, ತೂಕ 2 ಇದ್ದರೆ ವರ್ಗಮೂಲ, 1 ಇದ್ದರೆ ಹಾಗೇ ಬಿಡಿ. ಬಂದದ್ದರಲ್ಲಿ ಅತಿ ದೊಡ್ಡ ಐದು ಹೆಸರು ನಿಮ್ಮವು. ಸರಿಯಾಗಿ ಕ ಪದ್ಧತಿಯೇ ನಡೆಯುತ್ತದೆ.

ಇಲ್ಲೂ ಒಂದು ದೋಷ ಪದೇ ಪದೇ ಕಾಣುತ್ತೇನೆ. ಮೂಲ ತೆಗೆಯುವ ಬದಲು ಯಾದೃಚ್ಛಿಕ ಸಂಖ್ಯೆಯನ್ನು ತೂಕದಿಂದ ಗುಣಿಸುತ್ತಾರೆ. ಎರಡೇ ಹೆಸರು, ತೂಕ 2 ಮತ್ತು 1 ಇಟ್ಟು ಪರೀಕ್ಷಿಸಿ. ದೊಡ್ಡದು ಮೊದಲು ಬರುವುದು ನೂರಕ್ಕೆ 66.7 ಇರಬೇಕು. ಗುಣಿಸಿದರೆ 75 ಬರುತ್ತದೆ. ವರ್ಗಮೂಲ ತೆಗೆದರೆ 66.7. ಪ್ರೋಗ್ರಾಂ ಎಷ್ಟೇ ದೊಡ್ಡದಿರಲಿ, ಎರಡು ಹೆಸರಿನ ಈ ಪರೀಕ್ಷೆ ಐದು ನಿಮಿಷದ ಕೆಲಸ.

ನಿಜಕ್ಕೂ 80, 60, 40, 20 ಬೇಕು ಅಂದರೆ

ಅದಕ್ಕೂ ದಾರಿ ಇದೆ, ಅದಕ್ಕೆ ಪದ್ಧತಿಯನ್ನೇ ಬದಲಿಸಬೇಕು. ಹತ್ತು ಚೀಟಿಯನ್ನು ಸಾಲಾಗಿ ಇಡಿ. 1ರಿಂದ 4 ಚಿಕ್ಕಪ್ಪನದು, 5ರಿಂದ 7 300ರ ತೋಟದ್ದು, 8 ಮತ್ತು 9 200ರದ್ದು, 10 100ರದ್ದು. ಡಬ್ಬಿಯಲ್ಲಿ 1ರಿಂದ 5ರ ತನಕ ಬರೆದ ಐದೇ ಚೀಟಿ ಹಾಕಿ. ಒಂದು ಎತ್ತಿ. ಬಂದ ಸಂಖ್ಯೆ ಒಂದು, ಅದಕ್ಕೆ 5 ಸೇರಿಸಿದ್ದು ಇನ್ನೊಂದು. 3 ಬಂದರೆ 3 ಮತ್ತು 8, ಅಂದರೆ 400 ಮತ್ತು 200. 5 ಬಂದರೆ 5 ಮತ್ತು 10, ಅಂದರೆ 300 ಮತ್ತು 100. ಐದನ್ನೂ ಬರೆದು ನೋಡಿ. ಚಿಕ್ಕಪ್ಪ ಐದರಲ್ಲಿ ನಾಲ್ಕು ಸಲ, 300ರವರು ಮೂರು ಸಲ, 200ರವರು ಎರಡು, 100ರವರು ಒಂದು. ಸರಿಯಾಗಿ 80, 60, 40, 20.

ಈ ರೀತಿಯ ಎತ್ತುವಿಕೆಯನ್ನು 1949ರಲ್ಲಿ ವಿಲಿಯಂ ಮ್ಯಾಡೋ ವಿವರಿಸಿದ್ದರು. ಇದರಲ್ಲಿ ಎರಡು ಎಚ್ಚರ. ಸಾಲು ಹಾಗೇ ಇದ್ದರೆ 400 ಮತ್ತು 100 ಎಂದೂ ಒಂದೇ ವಾರ ಬರುವುದಿಲ್ಲ. ಹಾಗಾಗಿ ಪ್ರತಿ ವಾರ ತೋಟಗಳ ಸಾಲನ್ನು ಕಲಸಬೇಕು. ಇನ್ನೊಂದು, ಒಬ್ಬರ ತೂಕ ಒಟ್ಟು ತೂಕದ ಅರ್ಧ ದಾಟಬಾರದು. ದಾಟಿದರೆ, 1000ದಲ್ಲಿ 600 ಮರದವರಂತೆ, ಅವರಿಗೆ ಪ್ರತಿ ವಾರ ಒಂದು ಜಾಗ ಖಚಿತ ಮಾಡಿ, ಇನ್ನೊಂದು ಜಾಗಕ್ಕೆ ಮಾತ್ರ ಉಳಿದವರ ಚೀಟಿ ಎತ್ತಬೇಕು.

ಸಮೀಕ್ಷೆ ಮಾಡುವವರಿಗೆ

ಎತ್ತಿದ ಎರಡು ತೋಟದ ಇಳುವರಿ ನೋಡಿ ನಾಲ್ಕೂ ತೋಟದ ಇಳುವರಿ ಅಂದಾಜು ಮಾಡುವವರಿಗೆ ಈ ದೋಷ ಇನ್ನೂ ದುಬಾರಿ. ಪ್ರತಿ ತೋಟದ ಇಳುವರಿಯನ್ನು ಅದು ಎತ್ತಲ್ಪಡುವ ಸಾಧ್ಯತೆಯಿಂದ ಭಾಗಿಸಿ ಕೂಡಿಸುವುದು ಹೊರ್ವಿಟ್ಜ್ ಮತ್ತು ಥಾಂಪ್ಸನ್ 1952ರಲ್ಲಿ ಕೊಟ್ಟ ದಾರಿ. ಕ ಪದ್ಧತಿಯಲ್ಲಿ ಎತ್ತಿ, 0.716ರಿಂದ ಭಾಗಿಸುವ ಕಡೆ 0.8ರಿಂದ ಭಾಗಿಸಿದರೆ ದೊಡ್ಡ ತೋಟದ ಪಾಲು ಪ್ರತಿ ಸಲವೂ ಕಡಿಮೆಯಾಗಿ ಬರುತ್ತದೆ. ಎಷ್ಟು ಸಲ ಮಾಡಿದರೂ ಅದು ಸರಿಹೋಗುವುದಿಲ್ಲ.

ಈ ವಿಷಯದಲ್ಲಿ ನಮ್ಮ ದೇಶದವರ ಕೆಲಸ ದೊಡ್ಡದು. ಒಂದರ ಹಿಂದೊಂದು ಎತ್ತುವ ಕ್ರಮಕ್ಕೆ ತಕ್ಕ ಅಂದಾಜನ್ನು ದೇಸ್ ರಾಜ್ 1956ರಲ್ಲಿ ಕೊಟ್ಟರು. ಯಾವುದು ಮೊದಲು ಬಂತು ಎಂಬುದನ್ನು ಮರೆತು ಅದನ್ನು ಉತ್ತಮ ಮಾಡುವುದು ಹೇಗೆ ಎಂದು ಎಂ. ಎನ್. ಮೂರ್ತಿ 1957ರಲ್ಲಿ ತೋರಿಸಿದರು. ಬೇಡದ ಮಾಹಿತಿಯನ್ನು ಸರಾಸರಿ ಮಾಡಿ ತೆಗೆದರೆ ಅಂದಾಜು ಕೆಡುವುದಿಲ್ಲ, ಉತ್ತಮವೇ ಆಗುತ್ತದೆ ಎಂಬ ರಾವ್–ಬ್ಲ್ಯಾಕ್‌ವೆಲ್ ತರ್ಕ ಅಲ್ಲಿ ಕೆಲಸ ಮಾಡುತ್ತದೆ. ಆ ರಾವ್ ಅಂದರೆ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ.

ನಮ್ಮೂರಲ್ಲಿ ಏನಾಯಿತು

ಮುಂದಿನ ಭಾನುವಾರ ನಾಲ್ಕೂ ತೋಟದವರು ಕೂತರು. ಎರಡು ಪದ್ಧತಿಯನ್ನೂ ವಿವರಿಸಿದೆ. ಹಳೆಯ ಹತ್ತು ಚೀಟಿಯದು 71.6, 60.8, 44.1, 23.5. ಹೊಸ ಐದು ಚೀಟಿಯದು 80, 60, 40, 20. ಮರದ ಲೆಕ್ಕಕ್ಕೆ ಸರಿಯಾಗಿ ಪಾಳಿ ಬೇಕಾದರೆ ಹೊಸದು, ಇಲ್ಲದಿದ್ದರೆ ಹಳೆಯದು. ಇದರಲ್ಲಿ ಯಾವುದು ನ್ಯಾಯ ಎಂದು ಗಣಿತ ಹೇಳುವುದಿಲ್ಲ, ನೀವೇ ಹೇಳಬೇಕು ಅಂದೆ.

100 ಮರದ ತೋಟದ ಅಕ್ಕ ಕೇಳಿದರು: “ಅಂದ್ರೆ ಹೊಸದ್ರಲ್ಲಿ ನಂಗೆ ಅರವತ್ತು ವಾರಕ್ಕೆ ಹದಿನಾಲ್ಕು ಇದ್ದಿದ್ದು ಹನ್ನೆರಡಾಗುತ್ತಾ?”

ಹೌದು ಅಂದೆ. ಚಿಕ್ಕಪ್ಪನಿಗೆ 43 ಇದ್ದದ್ದು 48 ಆಗುತ್ತದೆ ಎಂದೂ ಹೇಳಿದೆ.

ಚಿಕ್ಕಪ್ಪ ಪುಸ್ತಕ ತಿರುವಿ ಹಾಕುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಡಬ್ಬೀಲಿ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ, ಹಳೇದೇ ಇರಲಿ” ಅಂದರು. ಪುಸ್ತಕದ ಮೊದಲ ಹಾಳೆಯಲ್ಲಿ ನನ್ನ ಕೈಯಲ್ಲೇ ಬರೆಸಿದರು: ಹೆಸರು ಬಂದ ತೋಟದ ಚೀಟಿಯೆಲ್ಲ ಆಚೆ. ಅದರ ಕೆಳಗೆ ನಾಲ್ಕು ಸಂಖ್ಯೆ, 72, 61, 44, 23.